ಎರಡು ಕುಂದಾಣಗಳು, ಒಂದು ರಾಜಧಾನಿ

ನಮ್ಮೂರು ಕುಂದಾಣ ಎಂದರೆ ಬೆಂಗಳೂರಿನಲ್ಲಿ ಹತ್ತರಲ್ಲಿ ಎಂಟು ಜನ 'ಕುಂದಾಪುರವಾ?' ಎಂದು ಕೇಳುತ್ತಾರೆ. ಅಲ್ಲ, ಕಡಲಿಗೂ ನಮಗೂ ಸಂಬಂಧವಿಲ್ಲ. ದೇವನಹಳ್ಳಿಯಿಂದ ದೊಡ್ಡಬಳ್ಳಾಪುರದ ದಿಕ್ಕಿಗೆ ಹೋದರೆ ಸಿಗುವ ಬಯಲುಸೀಮೆಯ ಊರು, ಹೋಬಳಿ ಕೇಂದ್ರ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಆಡಳಿತ ಭವನ ಎದ್ದಿರುವ ಬೀರಸಂದ್ರ ಇದೇ ಹೋಬಳಿಗೆ ಸೇರಿದ್ದು. ರಾಗಿ, ದ್ರಾಕ್ಷಿ, ಹಿಪ್ಪುನೇರಳೆ, ನೀಲಗಿರಿ ತೋಪು, ಮಳೆ ಬಂದ ವರ್ಷ ತುಂಬುವ ಕೆರೆಗಳು, ತಲೆಯ ಮೇಲೆ ಎಡೆಬಿಡದೆ ಹಾರುವ ವಿಮಾನಗಳು. ಇಷ್ಟು ಹೇಳಿದರೆ ಊರಿನ ಪರಿಚಯ ಮುಗಿಯಿತು ಎಂದು ಹೊರಗಿನವರಿಗೆ ಅನ್ನಿಸಬಹುದು. ಊರಿನವರು ಮಾತ್ರ ಅಲ್ಲಿಗೆ ಬಿಡುವುದಿಲ್ಲ. 'ಇದು ರಾಜಧಾನಿ ಆಗಿತ್ತು ಕಣಪ್ಪ, ಹೊಯ್ಸಳರ ರಾಜಧಾನಿ' ಎಂದು ಒಂದು ಮಾತು ಸೇರಿಸಿಯೇ ಸೇರಿಸುತ್ತಾರೆ.

ಹಂಪಿಗೋ ಬಾದಾಮಿಗೋ ಹೋದಾಗ ನಾವೆಲ್ಲ ಒಳ್ಳೆಯ ಪ್ರವಾಸಿಗರೇ. ಫಲಕ ಓದುತ್ತೇವೆ, ಗೈಡನ್ನು ಪ್ರಶ್ನೆ ಕೇಳುತ್ತೇವೆ, ಒಡೆದ ಕಂಬದ ಮುಂದೆಯೂ ಐದು ನಿಮಿಷ ನಿಲ್ಲುತ್ತೇವೆ. ಸ್ವಂತ ಊರಿನಲ್ಲಿ ಈ ಗುಣ ಯಾವುದೂ ಹತ್ತಿರ ಸುಳಿಯುವುದಿಲ್ಲ. ಊರ ಮುಂದಿನ ಕಲ್ಲು ಕುಳಿತು ಹರಟುವ ಕಲ್ಲು ಅಷ್ಟೆ. ಹಾಗಾಗಿ ಒಂದು ವರ್ಷದಿಂದ ಬಿಡುವಿದ್ದಾಗಲೆಲ್ಲ ನಮ್ಮ ತಾಲ್ಲೂಕನ್ನು ಹೊರಗಿನವನ ಹಾಗೆ ನೋಡುವ ಅಭ್ಯಾಸ ಮಾಡಿಕೊಂಡಿದ್ದೇನೆ. ಹೊರಗಿನವನು ಕೇಳುವ ಮೊದಲ ಪ್ರಶ್ನೆ ಬಹಳ ಸರಳವಾದದ್ದು: ರಾಜಧಾನಿ ಆಗಿತ್ತು ಅನ್ನುತ್ತೀರಲ್ಲ, ನಿಮಗೆ ಹೇಗೆ ಗೊತ್ತು?

ಈ ಪ್ರಶ್ನೆಗೆ ಉತ್ತರ ಹುಡುಕಲು ಹದಿಮೂರನೆಯ ಶತಮಾನದ ಒಂದು ಮನೆಪಾಲಿನ ಕಥೆಯಿಂದ ಶುರು ಮಾಡಬೇಕು. ಹೊಯ್ಸಳ ದೊರೆ ಸೋಮೇಶ್ವರ ದೋರಸಮುದ್ರಕ್ಕಿಂತ ಹೆಚ್ಚಾಗಿ ತಮಿಳು ನೆಲದಲ್ಲೇ ಇದ್ದವನು. ತಿರುಚಿನಾಪಳ್ಳಿಯ ಬಳಿಯ ಕಣ್ಣನೂರು ಅವನ ನೆಲೆ. ಅವನ ಕಾಲದಲ್ಲೇ, 1254ರ ಸುಮಾರಿಗೆ, ರಾಜ್ಯ ಇಬ್ಬರು ಮಕ್ಕಳಿಗೆ ಹಂಚಿಹೋಯಿತು. ದೋರಸಮುದ್ರ ಮತ್ತು ಕನ್ನಡ ಸೀಮೆಯ ಬಹುಭಾಗ ಮೂರನೆಯ ನರಸಿಂಹನಿಗೆ. ತಮಿಳು ಸೀಮೆ ಮತ್ತು ಅದಕ್ಕೆ ಹೊಂದಿಕೊಂಡ ಕೋಲಾರ, ಬೆಂಗಳೂರು ಭಾಗಗಳು ರಾಮನಾಥನಿಗೆ. ಪಾಂಡ್ಯರು ಬಲಗೊಂಡಂತೆ ರಾಮನಾಥನ ಕೈಯಿಂದ ದಕ್ಷಿಣ ಜಾರಿತು. 1279ರಲ್ಲಿ ಮಾರವರ್ಮ ಕುಲಶೇಖರ ಪಾಂಡ್ಯನ ಎದುರು ಸೋತ ಮೇಲೆ ಅವನಿಗೆ ಕಾವೇರಿ ತೀರದಲ್ಲಿ ನೆಲೆ ಉಳಿಯಲಿಲ್ಲ. ಅವನು ಮೇಲುನಾಡಿಗೆ ಹಿಂದೆಗೆದು, ಕುಂದಾಣಿ ಎಂಬಲ್ಲಿ ರಾಜಧಾನಿ ಮಾಡಿಕೊಂಡು, ಅಣ್ಣತಮ್ಮಂದಿರ ಜಗಳವನ್ನು ಮುಂದುವರಿಸಿದ. 1295ರಲ್ಲಿ ಅವನು ತೀರಿಕೊಂಡ. ಮಗ ವಿಶ್ವನಾಥನ ಆಳ್ವಿಕೆ ಕೆಲವೇ ವರ್ಷದ್ದು. ಕೊನೆಗೆ ನರಸಿಂಹನ ಮಗ ಮೂರನೆಯ ಬಲ್ಲಾಳ ಎರಡೂ ಪಾಲನ್ನು ಮತ್ತೆ ಒಂದು ಮಾಡಿದ.

ಈ ಕುಂದಾಣಿ ಯಾವುದು? ನಮ್ಮ ಕುಂದಾಣವೇ ಎಂಬುದು ಊರಿನ ಉತ್ತರ. ಕೆಲವು ಬರಹಗಳಲ್ಲೂ ಅದು ಬಂದಿದೆ. ಹೆಸರು ಹೊಂದುತ್ತದೆ, ಸೀಮೆ ರಾಮನಾಥನದೇ, ಇನ್ನೇನು ಬೇಕು? ಆದರೆ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿ ಇನ್ನೊಂದು ಕುಂದಾಣಿ ಇದೆ. ಅಲ್ಲಿನ ಚಿನ್ನಕೊತ್ತೂರಿನ ಸುತ್ತ ರಾಮನಾಥನ ಕಾಲದ ಶಾಸನಗಳು ಸಿಕ್ಕಿವೆ. ಈಚಿನ ಇತಿಹಾಸಕಾರರಲ್ಲಿ ಹಲವರು ರಾಜಧಾನಿ ಅದೇ ಎನ್ನುತ್ತಾರೆ. ರಾಜಧಾನಿಯೊಂದನ್ನು ಗುರುತಿಸಲು ಹೆಸರಿನ ಹೋಲಿಕೆಗಿಂತ ದೊರೆಯ ಶಾಸನಗಳ ದಟ್ಟಣೆ ಹೆಚ್ಚಿನ ಸಾಕ್ಷಿ ಎಂಬುದು ಅವರ ತರ್ಕ. ಈ ತರ್ಕವನ್ನು ಊರಿನ ಮೇಲಿನ ಅಭಿಮಾನದಿಂದ ಮುರಿಯಲು ಬರುವುದಿಲ್ಲ.

ಹೆಸರುಗಳನ್ನು ನಂಬಿ ಕೂರಬಾರದು ಎನ್ನುವುದಕ್ಕೆ ಇದೇ ರಾಮನಾಥನ ಹಳೆಯ ರಾಜಧಾನಿಯಲ್ಲೇ ಒಂದು ಪಾಠವಿದೆ. ಕಣ್ಣನೂರು ಇವತ್ತು ಸಮಯಪುರಂ. ಮಾರಿಯಮ್ಮನ ಗುಡಿಗೆ ಲಕ್ಷಾಂತರ ಜನ ಬರುವ ಊರು. ಅಲ್ಲಿ ಸೋಮೇಶ್ವರ ಕಟ್ಟಿಸಿದ ಶಿವಾಲಯವೊಂದಿದೆ. ಹೊಯ್ಸಳರನ್ನು ತಮಿಳಿನಲ್ಲಿ ಪೊಯ್ಸಳರು ಎನ್ನುತ್ತಿದ್ದುದರಿಂದ ದೇವರ ಹೆಸರು ಪೊಯ್ಸಳೇಶ್ವರ. ಶತಮಾನಗಳು ಕಳೆದು ಪೊಯ್ಸಳರು ಯಾರೆಂಬುದೇ ಮರೆತಾಗ ಜನರ ಬಾಯಲ್ಲಿ ಅದು ಭೋಜೇಶ್ವರವಾಯಿತು. ಗೊತ್ತಿಲ್ಲದ ರಾಜನ ಜಾಗಕ್ಕೆ ಕಥೆಗಳಲ್ಲಿ ಕೇಳಿ ಗೊತ್ತಿದ್ದ ಭೋಜರಾಜ ಬಂದು ಕುಳಿತ. ಗೋಡೆಯ ಮೇಲಿನ ಶಾಸನ ಉಳಿಯದೇ ಹೋಗಿದ್ದರೆ ಅಲ್ಲೊಂದು ಕನ್ನಡ ರಾಜಮನೆತನ ಬಾಳಿತ್ತು ಎಂದು ಹೇಳಲು ಯಾರೂ ಇರುತ್ತಿರಲಿಲ್ಲ. ಬಾಯಿಮಾತು ಹೆಸರನ್ನು ತನಗೆ ಬೇಕಾದ ಕಡೆ ತಿರುಗಿಸುತ್ತದೆ. ಕಲ್ಲು ಹಾಗೆ ಮಾಡುವುದಿಲ್ಲ.

ಹಾಗಾದರೆ ರಾಮನಾಥನಿಗೂ ನಮ್ಮ ಸೀಮೆಗೂ ಇರುವ ಸಂಬಂಧವನ್ನು ಕಲ್ಲಿನಲ್ಲೇ ನೋಡಬೇಕು. ಅದಕ್ಕೆ ನಾನು ಹೋದದ್ದು ಬೆಟ್ಟಕ್ಕಲ್ಲ, ಬೆಂಗಳೂರಿನ ದೊಮ್ಮಲೂರಿಗೆ. ಇಂದಿರಾನಗರದ ಹೋಟೆಲ್ಲುಗಳ ಸಾಲು ದಾಟಿದರೆ ಚೊಕ್ಕನಾಥಸ್ವಾಮಿ ದೇವಸ್ಥಾನ ಸಿಗುತ್ತದೆ. ಬಾಗಿಲ ಚೌಕಟ್ಟಿನ ಮೇಲೂ ಗೋಡೆಯ ಮೇಲೂ ತಮಿಳು ಮತ್ತು ಗ್ರಂಥ ಲಿಪಿಯ ಸಾಲುಗಳು. ಕುಂಕುಮ, ಎಣ್ಣೆ, ಸುಣ್ಣ ಎಲ್ಲದರ ಅಡಿಯಲ್ಲಿ ಅಕ್ಷರಗಳು ಇನ್ನೂ ಬೆರಳಿಗೆ ಸಿಗುತ್ತವೆ. ದೊಮ್ಮಲೂರು ಅಲ್ಲಿ ತೊಂಬಲೂರು. ಅದು ಇರುವುದು ಇಲೈಪಾಕ್ಕ ನಾಡಿನಲ್ಲಿ, ಅಂದರೆ ನಮ್ಮ ಯಲಹಂಕ ನಾಡಿನಲ್ಲಿ. ಪೊಯ್ಸಳ ವೀರ ರಾಮನಾಥನ ಹೆಸರೂ ಅಲ್ಲೇ ಇದೆ. ಒಂದು ಕಡೆ ಬಸ್ಸಿನ ಹಾರ್ನು, ಇನ್ನೊಂದು ಕಡೆ ಏಳುನೂರು ವರ್ಷಗಳಿಗೂ ಹಿಂದಿನ ದಾನದ ಲೆಕ್ಕ.

ಕನ್ನಡದ ದೊರೆಯ ಶಾಸನ ಬೆಂಗಳೂರಿನಲ್ಲಿ ತಮಿಳಿನಲ್ಲಿ ಯಾಕಿದೆ ಎಂದು ಅನೇಕರು ಕಸಿವಿಸಿಗೊಳ್ಳುತ್ತಾರೆ. ಕಾರಣ ಸರಳ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರು ಗಂಗವಾಡಿಯನ್ನು ಗೆದ್ದರು. ಬೆಂಗಳೂರು ಸುತ್ತಲಿನ ನೆಲಕ್ಕೆ ರಾಜೇಂದ್ರ ಚೋಳ ವಳನಾಡು, ಕೋಲಾರದ ಕಡೆಗೆ ನಿಗರಿಲಿ ಚೋಳ ಮಂಡಲ ಎಂದು ಹೆಸರಿಟ್ಟರು. 1116ರಲ್ಲಿ ವಿಷ್ಣುವರ್ಧನ ತಲಕಾಡನ್ನು ಗೆದ್ದು ಚೋಳರನ್ನು ಹೊರಗೆ ಹಾಕಿದರೂ, ಈ ಪೂರ್ವದ ಸೀಮೆಯ ದೇವಸ್ಥಾನ, ಸಭೆ, ವರ್ತಕರ ಲೆಕ್ಕಪತ್ರ ತಮಿಳಿನಲ್ಲೇ ನಡೆದುಕೊಂಡು ಬಂತು. ದೊರೆ ಬದಲಾದ ದಿನವೇ ಶಾನುಭೋಗನ ಬರವಣಿಗೆ ಬದಲಾಗುವುದಿಲ್ಲ. ತಮಿಳು ಅಕ್ಷರ ಇದೆ ಎಂದು ಕಲ್ಲಿಗೆ ಸುಣ್ಣ ಬಳಿದರೆ ನಾವು ಅಳಿಸುವುದು ಹೊಯ್ಸಳರ ಚರಿತ್ರೆಯನ್ನೇ.

ಈ ಮಾತಿಗೆ ಒಳ್ಳೆಯ ಸಾಕ್ಷಿ 1301ರ ಶಾಸನ. ಎರಡು ಪಾಲು ಒಂದಾದ ಮೇಲೆ ಮೂರನೆಯ ಬಲ್ಲಾಳ ಹೊರಡಿಸಿದ ಆಜ್ಞೆ ಅದು. ಕುಂದಾಣಿ ರಾಜ್ಯದ ಹೆಸರಿನ ಜೊತೆಗೆ ವಿರಿವಿ ನಾಡು, ಮಾಸಂದಿ ನಾಡು, ಮುರಸು ನಾಡು, ಕುವಳಾಲ ನಾಡು, ಕೈವಾರ ನಾಡು, ಇಲೈಪಾಕ್ಕ ನಾಡು ಎಂದು ಸಾಲಾಗಿ ನಾಡುಗಳ ಹೆಸರು ಹೇಳಿ, ಅಲ್ಲಿನ ಮಠ, ದೇವಸ್ಥಾನಗಳ ಮುಖ್ಯಸ್ಥರನ್ನು ಉದ್ದೇಶಿಸುತ್ತದೆ. ಅವುಗಳ ಭೂಮಿಯ ಮೇಲಿನ ತೆರಿಗೆಗಳನ್ನು ಬಿಟ್ಟಿದ್ದೇವೆ. ಆ ಹಣದಲ್ಲಿ ಪೂಜೆ, ನೈವೇದ್ಯ, ಗುಡಿಯ ದುರಸ್ತಿ ನಡೆಸಿ ನಮಗೂ ರಾಜ್ಯಕ್ಕೂ ಒಳ್ಳೆಯದನ್ನು ಕೋರಿ ಎನ್ನುವುದು ಅದರ ಸಾರಾಂಶ. ಶಿವ, ವಿಷ್ಣು ದೇವಾಲಯಗಳ ಜೊತೆ ಜೈನ ಬಸದಿಗಳ ಭೂಮಿಯೂ ಈ ವಿನಾಯಿತಿಯಲ್ಲಿ ಸೇರಿದೆ. ಇದೇ ಒಕ್ಕಣೆ ಒಂದಕ್ಕಿಂತ ಹೆಚ್ಚು ಊರುಗಳ ಗುಡಿಗಳಲ್ಲಿ ಕೆತ್ತಲ್ಪಟ್ಟಿದೆ. ಈಗಿನ ಸರ್ಕಾರಿ ಸುತ್ತೋಲೆ ಎಲ್ಲ ಕಚೇರಿಗೂ ಹೋಗುವ ಹಾಗೆ.

ಆ ಪಟ್ಟಿಯನ್ನು ನಕ್ಷೆಯ ಮೇಲೆ ಇಟ್ಟು ನೋಡಿ. ಕುವಳಾಲ ಎಂದರೆ ಕೋಲಾರ, ಇಲೈಪಾಕ್ಕ ಎಂದರೆ ಯಲಹಂಕ, ಕೈವಾರ ಇವತ್ತಿಗೂ ಕೈವಾರವೇ. ಕೃಷ್ಣಗಿರಿಯ ಕುಂದಾಣಿಯೂ ದೇವನಹಳ್ಳಿಯ ಕುಂದಾಣವೂ ಒಂದೇ ದೊರೆಯ ಸೀಮೆಯೊಳಗಿನ ಊರುಗಳು. ನಡುವೆ ಗೆರೆ ಎಳೆದದ್ದು 1956ರ ರಾಜ್ಯ ಪುನರ್ವಿಂಗಡಣೆಗೂ ಅದಕ್ಕೆ ಹಿಂದಿನ ಮೈಸೂರು, ಮದ್ರಾಸುಗಳ ಗಡಿಗೂ ಸೇರಿದ ಕೆಲಸ. ರಾಮನಾಥನಿಗೆ ಆ ಗೆರೆ ಗೊತ್ತಿರಲಿಲ್ಲ. ಹಾಗಾಗಿ ರಾಜಧಾನಿ ನಿಮ್ಮದೋ ನಮ್ಮದೋ ಎಂಬ ಜಗಳದಲ್ಲಿ ಗೆದ್ದವರಿಗೆ ಸಿಗುವುದು ಒಂದು ನಾಮಫಲಕ. ಎರಡೂ ಊರುಗಳನ್ನು ಒಟ್ಟಿಗೆ ಓದಿದವರಿಗೆ ಸಿಗುವುದು ಒಂದು ಇಡೀ ನಾಡಿನ ಚಿತ್ರ.

ಆ ಪಟ್ಟಿಯ ಮುರಸು ನಾಡಿನ ಹೆಸರನ್ನು ನಮ್ಮ ಸೀಮೆ ಇನ್ನೂ ಹೊತ್ತುಕೊಂಡಿದೆ. ಮೊರಸು ಒಕ್ಕಲಿಗರು ಎಂಬ ಮಾತು ಇಲ್ಲಿ ದಿನಬಳಕೆಯದು. ಹೊಯ್ಸಳರ ನಂತರದ ಕಥೆಯೂ ಅವರದೇ. ಕಂಚಿಯ ಕಡೆಯಿಂದ ರಣಬೈರೇಗೌಡ ಸೋದರರೊಂದಿಗೆ ಗಾಡಿ ಕಟ್ಟಿಕೊಂಡು ಬಂದು ಆವತಿಯಲ್ಲಿ ನೆಲೆ ನಿಂತ ಎಂಬ ಐತಿಹ್ಯವಿದೆ. ಆವತಿ ನಮ್ಮ ತಾಲ್ಲೂಕಿನ ಊರೇ. ಆ ಮನೆತನದ ಮಲ್ಲಬೈರೇಗೌಡ 1501ರಲ್ಲಿ ದೇವನಹಳ್ಳಿಯ ಮಣ್ಣಿನ ಕೋಟೆ ಕಟ್ಟಿದ ಎನ್ನುತ್ತಾರೆ. 1749ರಲ್ಲಿ ಮೈಸೂರಿನ ಸೈನ್ಯ ಅದನ್ನು ಮುತ್ತಿದಾಗ ಹೆಸರು ಮಾಡಿದ ಒಬ್ಬ ಸೈನಿಕ ಹೈದರಾಲಿ. ಅವನ ಮಗ ಟಿಪ್ಪು ಹುಟ್ಟಿದ್ದು ಇದೇ ಊರಿನಲ್ಲಿ. ಕೋಟೆ ಕಲ್ಲಿನದ್ದಾದದ್ದು ಅವರ ಕಾಲಕ್ಕೆ. 1791ರಲ್ಲಿ ಕಾರ್ನ್‌ವಾಲಿಸ್ ಅದನ್ನು ಹಿಡಿದ. ನಲ್ಲೂರಿನ ಹುಣಸೆ ತೋಪಿನಲ್ಲಿ ನಾನೂರು ವರ್ಷ ದಾಟಿದ ಮರಗಳಿವೆ. 2007ರಲ್ಲಿ ಅದನ್ನು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದರು. ಇವೆಲ್ಲ ನಮ್ಮೂರಿಂದ ಬೈಕಿನಲ್ಲಿ ಒಂದು ದಿನಕ್ಕೆ ಮುಗಿಯುವ ದಾರಿ. ಮೈಸೂರಿಗೆ ಹತ್ತು ಸಲ ಹೋಗಿ ಬಂದವರಲ್ಲಿ ಈ ದಾರಿ ಹಿಡಿದವರು ಕಡಿಮೆ.

ಇಂಥ ತಿರುಗಾಟಕ್ಕೆ ನಾನು ಬಳಸುವ ಕೈಪಿಡಿ ಒಂದು ಹಳೆಯ ಪುಸ್ತಕ. ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟ, ಬೆಂಗಳೂರು ಜಿಲ್ಲೆಯದು, 1905ರ ಪ್ರಕಟಣೆ. ಅದರಲ್ಲಿ ತಾಲ್ಲೂಕುವಾರು ಶಾಸನಗಳಿವೆ. ಪ್ರತಿಯೊಂದಕ್ಕೂ ಊರಿನ ಹೆಸರು ಮತ್ತು ಕಲ್ಲು ಇದ್ದ ಜಾಗದ ಗುರುತು: ಕೆರೆಯ ಬಳಿ, ಗುಡಿಯ ಮುಂದೆ, ಇಂಥ ದಿಕ್ಕಿನ ಹೊಲದಲ್ಲಿ. ನೂರಿಪ್ಪತ್ತು ವರ್ಷದ ಹಿಂದೆ ಒಬ್ಬರು ಗುರುತು ಹಾಕಿಕೊಟ್ಟ ಜಾಗಕ್ಕೆ ಹೋಗಿ ನಿಂತಾಗ ಮೂರು ಸಾಧ್ಯತೆಗಳು. ಕಲ್ಲು ಅಲ್ಲೇ ಇರುತ್ತದೆ. ಅಥವಾ ಬಟ್ಟೆ ಒಗೆಯುವ ಚಪ್ಪಡಿಯಾಗಿಯೋ ಮೋರಿಯ ಮೇಲಿನ ಹಾಸಾಗಿಯೋ ಸ್ವಲ್ಪ ದೂರ ಸರಿದಿರುತ್ತದೆ. ಅಥವಾ ಅಲ್ಲೊಂದು ಲೇಔಟಿನ ಕಮಾನು ಎದ್ದಿರುತ್ತದೆ. ಮೊದಲನೆಯದನ್ನು ಕಂಡಾಗ ಆಗುವ ಸಂತೋಷ ಹಂಪಿಯಲ್ಲೂ ಸಿಗುವುದಿಲ್ಲ.

ಮೂರನೆಯ ಸಾಧ್ಯತೆಯೇ ದಿನದಿನಕ್ಕೆ ಹೆಚ್ಚುತ್ತಿದೆ. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ತಾಲ್ಲೂಕಿನ ನೆಲದ ಬೆಲೆ ಎಕರೆಯ ಲೆಕ್ಕದಿಂದ ಚದರಡಿಯ ಲೆಕ್ಕಕ್ಕೆ ಇಳಿಯಿತು. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆ ಭೂಸ್ವಾಧೀನದ ವಿರುದ್ಧ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತು, 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಡುವಂತೆ ಮಾಡಿದರು. ಹೊಲ ಉಳಿಸಿಕೊಳ್ಳಲು ಜನರಿದ್ದರು, ಜನರಿಗೆ ಪಹಣಿ ಇತ್ತು. ಬದುವಿನ ಮೇಲೆ ನಿಂತ ವೀರಗಲ್ಲಿಗೆ ಪಹಣಿ ಇಲ್ಲ. ಜೆಸಿಬಿ ಬಂದ ದಿನ ಅದು ಬರೀ ಇನ್ನೊಂದು ಕಲ್ಲು.

ಕಲ್ಲನ್ನು ಉಳಿಸಿಕೊಳ್ಳುವುದು ಆಗದ ಕೆಲಸವೇನಲ್ಲ. ಕ್ರಿ.ಶ. 750ರ ಸುಮಾರಿನ ಹೆಬ್ಬಾಳದ ಕಿತ್ತಯ್ಯನ ಶಾಸನ ಬೀದಿ ಬದಿಯಲ್ಲಿ ನಿರ್ಲಕ್ಷ್ಯಕ್ಕೆ ಒಳಗಾಗಿತ್ತು. ಆಸಕ್ತ ನಾಗರಿಕರು ಅದನ್ನು ಗುರುತಿಸಿ, ಸ್ಥಳೀಯರನ್ನು ಕೂಡಿಸಿಕೊಂಡು ಮಂಟಪ ಕಟ್ಟಿದರು. ಮಿಥಿಕ್ ಸೊಸೈಟಿ ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನ್ ಮಾಡಿ ದಾಖಲಿಸುತ್ತಿದೆ. ಊರಿನವರು ಮಾಡಬೇಕಾದದ್ದು ಇನ್ನೂ ಚಿಕ್ಕದು. ಕಲ್ಲಿಗೆ ಬಣ್ಣ ಬಳಿಯದಿರುವುದು, ಇಳಿ ಬಿಸಿಲಿನಲ್ಲಿ ಅಕ್ಷರಗಳು ಎದ್ದು ಕಾಣುವಾಗ ಒಂದು ಫೋಟೊ ತೆಗೆದಿಡುವುದು, ಸೈಟು ಮಾಡುವ ಮುಂಚೆ ಅದು ಎಲ್ಲಿತ್ತು ಎಂದು ಪಂಚಾಯಿತಿಗೆ ಬರೆದುಕೊಡುವುದು.

ಈಗ ಯಾರಾದರೂ ನಮ್ಮೂರಿಗೆ ಬಂದು ಇದು ರಾಜಧಾನಿಯಾಗಿತ್ತಂತೆ ಹೌದಾ ಎಂದು ಕೇಳಿದರೆ, ಹೌದು ಅಲ್ಲ ಎನ್ನುವುದಕ್ಕೆ ಮುಂಚೆ ನಾನು ರಾಮನಾಥನ ಹೆಸರು ಹೇಳುತ್ತೇನೆ. ಅಪ್ಪನ ರಾಜ್ಯದಲ್ಲಿ ಅರ್ಧ ಪಡೆದು, ಆ ಅರ್ಧದಲ್ಲಿ ಅರ್ಧ ಕಳೆದುಕೊಂಡು, ಉಳಿದ ಈ ಒಣನೆಲದ ಮೇಲೆ ಹದಿನಾರು ವರ್ಷ ಆಳಿದವನ ಕಥೆ ಹೇಳುತ್ತೇನೆ. ಆಮೇಲೆ ಎರಡು ಕುಂದಾಣಗಳ ಕಥೆ, ದೊಮ್ಮಲೂರಿನ ಬಾಗಿಲ ಕಥೆ. ಕೇಳಿದವರಲ್ಲಿ ಕೆಲವರು ನಿರಾಸೆಯಿಂದ ಫೋನು ನೋಡುತ್ತಾರೆ. ಕೆಲವರು ಮಾತ್ರ, 'ಹಾಗಾದರೆ ನಮ್ಮೂರಲ್ಲೂ ಒಂದು ಕಲ್ಲಿದೆ, ಅಕ್ಷರ ಇದ್ದ ಹಾಗಿದೆ' ಎನ್ನುತ್ತಾರೆ.