ಚನ್ನಪಟ್ಟಣದ ಅರಗಿನ ಬೊಂಬೆಗಳು: ಗುರುವೂ ಪರಂಪರೆಯೂ

ಕನಕಪುರ ತಾಲ್ಲೂಕಿನ ಕಬ್ಬಾಳು ದುರ್ಗದ ಸೀಮೆಗೆ ನೆರೆಯಾಗಿರುವ ಚನ್ನಪಟ್ಟಣವು ಬಣ್ಣದ ಮರಗೊಂಬೆಗಳಿಗೆ ಪ್ರಸಿದ್ಧವಾದ ಊರು. ಈ ಕಲೆಯ ಮೂಲವನ್ನು ಕುರಿತು ಎರಡು ಹೇಳಿಕೆಗಳು ರೂಢಿಯಲ್ಲಿವೆ. ಟಿಪ್ಪು ಸುಲ್ತಾನನು (1782–1799) ಪರ್ಷಿಯಾದಿಂದ ಕುಶಲಿಗಳನ್ನು ಕರೆಸಿ ಊರವರಿಗೆ ಕಲಿಸಿದನೆಂಬುದು ಒಂದು. ಕಳೆದ ಶತಮಾನದ ಆದಿಭಾಗದಲ್ಲಿ ಬಾವಾಸ್ ಮಿಯಾನ್ ಎಂಬವರು ಜಪಾನಿನ ಬೊಂಬೆಗಾರಿಕೆಯ ಕ್ರಮವನ್ನು ಇಲ್ಲಿ ನೆಲೆಗೊಳಿಸಿದರೆಂಬುದು ಮತ್ತೊಂದು. ಎರಡರಲ್ಲಿಯೂ ವಿದ್ಯೆ ಹೊರಗಿನಿಂದ ಬಂದುದು. ಊರವರು ಕೇವಲ ಶಿಷ್ಯರು. ಈ ತೀರ್ಮಾನವು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ವಸ್ತುಗಳ ಸಾಕ್ಷ್ಯದಿಂದಲೇ ಪರಿಶೀಲಿಸಬಹುದು.

ಮೊದಲು ಜಪಾನನ್ನು ನೋಡೋಣ. ಅಲ್ಲಿನ ಈಶಾನ್ಯ ಪ್ರಾಂತವಾದ ತೋಹೊಕುವಿನಲ್ಲಿ 19ನೆಯ ಶತಮಾನದ ಪೂರ್ವಾರ್ಧದಿಂದ 'ಕೊಕೆಶಿ' ಎಂಬ ಮರಗೊಂಬೆಗಳು ತಯಾರಾಗುತ್ತ ಬಂದಿವೆ. ಬಟ್ಟಲು, ತಟ್ಟೆಗಳನ್ನು ಕಡೆಯುತ್ತಿದ್ದ ಕಡಸಲಿನ ಕೆಲಸಗಾರರೇ ಬಿಸಿನೀರಿನ ಬುಗ್ಗೆಗಳಿಗೆ ಬರುವ ಜನರಿಗಾಗಿ ಇವನ್ನು ಮಾಡತೊಡಗಿದರು. ದುಂಡು ತಲೆ, ಕೈಕಾಲುಗಳಿಲ್ಲದ ನೀಳವಾದ ಮೈ—ಇದು ಅವುಗಳ ಸಾಮಾನ್ಯ ರೂಪ. ಶಿಷ್ಯನು ಗುರುವಿನ ಆಕಾರವನ್ನೂ ಮುಖದ ರೇಖೆಗಳನ್ನೂ ಹೂವಿನ ಚಿತ್ತಾರವನ್ನೂ ಅನುಸರಿಸುತ್ತಾನೆ. ಹೀಗೆ ಬೆಳೆದ ಸಂಪ್ರದಾಯಗಳನ್ನು 11 ಎಂದು ಎಣಿಸುವುದು ವಾಡಿಕೆ. ಈ ಬೊಂಬೆಗಳ ಬಣ್ಣವೆಲ್ಲ ಕುಂಚದ್ದು.

ಚನ್ನಪಟ್ಟಣದ ಬೊಂಬೆಗೆ ಕುಂಚದ ಬಣ್ಣವು ಮುಖ್ಯವಲ್ಲ. ಕಡಸಲಿನಲ್ಲಿ ತಿರುಗುತ್ತಿರುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿದಾಗ, ಘರ್ಷಣೆಯ ಶಾಖದಿಂದ ಅರಗು ಕರಗಿ ಮರಕ್ಕೆ ಅಂಟುತ್ತದೆ. ಅನಂತರ ಕೇದಗೆಯ ಜಾತಿಯ ಒಣಗರಿಯಿಂದ ಉಜ್ಜಿದರೆ ಲೇಪವು ಸಮನಾಗಿ ಹರಡಿ ಹೊಳಪುಗೊಳ್ಳುತ್ತದೆ. ಮರವು ಸಾಂಪ್ರದಾಯಿಕವಾಗಿ ಆಲೆ; ದಂತದಂತೆ ಬಿಳುಪು, ಕಡೆಯಲು ಮೃದು. ಈಚೆಗೆ ರಬ್ಬರ್ ಮೊದಲಾದ ಮರಗಳೂ ಬಳಕೆಗೆ ಬಂದಿವೆ.

ಇಲ್ಲಿ ಆಂಧ್ರದ ಏಟಿಕೊಪ್ಪಾಕ ಗ್ರಾಮವನ್ನು ಹೋಲಿಸುವುದು ಉಚಿತ. ಅಲ್ಲಿಯೂ ಇದೇ ಆಲೆಯ ಮರ, ಇದೇ ಅರಗು, ಇದೇ ಕಡಸಲಿನ ಕ್ರಮ. ಅಲ್ಲಿ ಮರದ ಹೆಸರು 'ಅಂಕುಡು'. ಗುಜರಾತಿನ ಸಂಖೇಡಾದಲ್ಲಿಯೂ ಅರಗಿನ ಮರಗೆಲಸ ಪ್ರಸಿದ್ಧ. ಆದುದರಿಂದ ಅರಗಿನ ವಿದ್ಯೆಯನ್ನು ಒಬ್ಬ ದೊರೆಯ ಅಥವಾ ಒಬ್ಬ ಗುರುವಿನ ಕೊಡುಗೆಯೆಂದಷ್ಟೇ ಹೇಳಲಾಗದು. ಅದು ನಾಡಿನ ಅನೇಕ ಎಡೆಗಳಲ್ಲಿ ಹಬ್ಬಿದ ಪರಂಪರೆ.

ಹಾಗೆಂದು ಗುರುವನ್ನು ತಳ್ಳಿಹಾಕುವುದೂ ತಪ್ಪಾದೀತು. ಕಡಸಲಿನ ಕೆಲಸಗಾರನು ಹೊಸ ಆಕಾರವನ್ನು ಕಲಿಯಬೇಕಾದರೆ ಯಾರಾದರೂ ಅದನ್ನು ತಂದು ತೋರಿಸಲೇಬೇಕು. ಬಾವಾಸ್ ಮಿಯಾನ್ ಅವರ ನೆನಪು ಊರಿನಲ್ಲಿ ಉಳಿದಿರುವುದು ಈ ಕಾರಣದಿಂದ. ಆದರೆ ಹೊರಗಿನಿಂದ ಬಂದ ಪಾಠವು ಇಲ್ಲಿ ಬೇರೂರಿದ್ದು, ಅದನ್ನು ಸ್ವೀಕರಿಸಲು ಪಳಗಿದ ಕೈಗಳೂ ತಕ್ಕ ಮರವೂ ಅರಗೂ ಸಿದ್ಧವಾಗಿದ್ದುದರಿಂದ.

2005-06ರಲ್ಲಿ ಚನ್ನಪಟ್ಟಣದ ಬೊಂಬೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಕಾನೂನು ಇಲ್ಲಿ ಒಬ್ಬ ಮೂಲಪುರುಷನನ್ನಲ್ಲ, ಒಂದು ಊರನ್ನೇ ಕರ್ತೃವೆಂದು ಗಣಿಸಿದೆ. ಇತಿಹಾಸಕಾರನೂ ಹೆಸರು ಉಳಿದ ಗುರುವಿನೊಡನೆ ಹೆಸರು ಉಳಿಯದ ಶಿಷ್ಯರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ವಿದ್ಯೆಯನ್ನು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿಸಿದವರು ಅವರೇ.