ಪಟ್ಟಿಗೆ ಸಿಗದ ಬೇಡಿಕೆ: ಪ್ರೋಗ್ರಾಮಿಂಗ್ ಭಾಷೆಗಳ ಜನಪ್ರಿಯತೆ ಮತ್ತು ಉದ್ಯೋಗ ಮಾರುಕಟ್ಟೆ

ಯಾವ ಪ್ರೋಗ್ರಾಮಿಂಗ್ ಭಾಷೆ ಜನಪ್ರಿಯ ಎಂಬ ಚರ್ಚೆಯಲ್ಲಿ ಮೂರು ಮೂಲಗಳು ಮತ್ತೆ ಮತ್ತೆ ಉಲ್ಲೇಖಗೊಳ್ಳುತ್ತವೆ. 2001ರಿಂದ ಪ್ರಕಟವಾಗುತ್ತಿರುವ ಟಿಯೋಬಿ ಸೂಚ್ಯಂಕವು ಭಾಷೆಯ ಹೆಸರಿಗೆ ಸರ್ಚ್ ಎಂಜಿನ್‌ಗಳಲ್ಲಿ ಎಷ್ಟು ಪುಟಗಳು ಸಿಗುತ್ತವೆ ಎಂಬುದನ್ನು ನೋಡುತ್ತದೆ. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ ನಡೆಸುವ ಸಮೀಕ್ಷೆಯಲ್ಲಿ ಮನಸ್ಸಿದ್ದವರು ಉತ್ತರಿಸುತ್ತಾರೆ. ಕೋಡು ಇಡುವ ತಾಣವಾದ ಗಿಟ್‌ಹಬ್ ತನ್ನಲ್ಲಿ ಬಂದು ಸೇರುವ ಕೋಡನ್ನು ಎಣಿಸುತ್ತದೆ. ಅಳತೆಗೋಲು ಬೇರೆಯಾದಂತೆ ಉತ್ತರವೂ ಬೇರೆ. 2024ರಲ್ಲಿ ಟಿಯೋಬಿ ಮತ್ತು ಗಿಟ್‌ಹಬ್ ಎರಡರಲ್ಲೂ ಪೈಥಾನ್ ಮೊದಲ ಸ್ಥಾನದಲ್ಲಿತ್ತು. ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಶೇ. 62ರಷ್ಟು ಮಂದಿ ಬಳಸುವ ಜಾವಾಸ್ಕ್ರಿಪ್ಟ್ ಮುಂದಿತ್ತು. ಅದೇ ಸಮೀಕ್ಷೆಯಲ್ಲಿ ಅತಿ ಹೆಚ್ಚು ಮೆಚ್ಚುಗೆ ಪಡೆದ ರಸ್ಟ್ ಭಾಷೆಯ ಬಳಕೆದಾರರು ಸುಮಾರು ಶೇ. 13.

ಈ ಮೂರೂ ಸಂಬಳ ಕೊಡುವವರನ್ನು ಕೇಳಿ ಮಾಡಿದ ಪಟ್ಟಿಗಳಲ್ಲ. ಬ್ಯಾಂಕು, ವಿಮಾ ಕಂಪನಿ, ಸರ್ಕಾರಿ ಇಲಾಖೆಗಳ ಒಳಗೇ ಉಳಿದ ಕೋಡು ಇವುಗಳ ಕಣ್ಣಿಗೆ ಬೀಳುವುದೂ ಅಪರೂಪ. ಹೊಸದಾಗಿ ಬರೆಯುವ ಕೋಡಿಗಿಂತ, ಈಗಾಗಲೇ ಬರೆದು ಇಂದಿಗೂ ದುಡಿಯುತ್ತಿರುವ ಕೋಡಿನ ರಾಶಿಯೇ ಉದ್ಯೋಗದ ಬೇಡಿಕೆಯನ್ನು ಹೆಚ್ಚಾಗಿ ನಿರ್ಧರಿಸುತ್ತದೆ ಎಂಬುದು ಈ ಲೇಖನದ ವಾದ. ಕೋಬಾಲ್ ಅದಕ್ಕೆ ಸ್ಪಷ್ಟ ನಿದರ್ಶನ.

ಕಂಪ್ಯೂಟರ್ ವಿಜ್ಞಾನಿ ಗ್ರೇಸ್ ಹಾಪರ್ ಅವರ ಫ್ಲೋ-ಮ್ಯಾಟಿಕ್ ಭಾಷೆಯಿಂದ ಬಹಳಷ್ಟನ್ನು ಪಡೆದ ಕೋಬಾಲ್, 1959ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಬೆಂಬಲದಿಂದ ಸೇರಿದ ಸಮಿತಿಯೊಂದರ ಕೂಸು. ಇಷ್ಟು ಹಳೆಯ ಭಾಷೆ ಇನ್ನೂ ಏಕೆ ಉಳಿದಿದೆ ಎಂದರೆ ಸಂಸ್ಥೆಗಳ ಸೋಮಾರಿತನವನ್ನು ದೂರುವುದು ರೂಢಿ. ಆ ಉತ್ತರ ಅರ್ಧ ಮಾತ್ರ ಸರಿ. ಪೈಥಾನ್‌ನಲ್ಲಾಗಲಿ ಜಾವಾಸ್ಕ್ರಿಪ್ಟ್‌ನಲ್ಲಾಗಲಿ 0.1 ಮತ್ತು 0.2 ಕೂಡಿಸಿದರೆ 0.30000000000000004 ಬರುತ್ತದೆ, ದಶಮಾಂಶವನ್ನು ದ್ವಿಮಾನ ಪದ್ಧತಿಯಲ್ಲಿ ಹಿಡಿದಿಡುವಾಗ ಆಗುವ ಎಡವಟ್ಟು ಇದು. ಅದನ್ನು ತಪ್ಪಿಸುವ ಸೌಲಭ್ಯ ಈ ಭಾಷೆಗಳಿಗೂ ಉಂಟು, ಆದರೆ ಪ್ರೋಗ್ರಾಮರ್ ನೆನಪಿಟ್ಟು ಬಳಸಬೇಕು. ಕೋಬಾಲ್‌ನಲ್ಲಿ ಹಾಗಲ್ಲ. ಮೊತ್ತಕ್ಕೆ ಎಷ್ಟು ಅಂಕಿ, ದಶಮಾಂಶ ಬಿಂದು ಎಲ್ಲಿ ಎಂದು 'ಪಿಕ್ಚರ್' ಎಂಬ ಸಾಲಿನಲ್ಲಿ ಮೊದಲೇ ಘೋಷಿಸುವುದು ವಾಡಿಕೆ, ಲೆಕ್ಕ ಪೈಸೆಗೆ ಪೈಸೆ ಕೂಡುತ್ತದೆ. ಬ್ಯಾಂಕಿಗೆ ಬೇಕಾದದ್ದು ಅದೇ.

ತೊಂದರೆ ತಂದದ್ದೂ ಅದೇ ಘೋಷಣೆ. ಜಾಗ ಉಳಿಸಲೆಂದು ವರ್ಷಕ್ಕೆ ಎರಡೇ ಅಂಕಿ ಕೊಟ್ಟಿದ್ದರಿಂದ 2000ನೇ ಇಸವಿಯನ್ನು ಕಂಪ್ಯೂಟರ್ 1900 ಎಂದುಕೊಳ್ಳುವ ಭಯ ಹುಟ್ಟಿತು. ಆ ವೈಟುಕೆ ತಿದ್ದುಪಡಿಯ ಕೆಲಸ ತೊಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನ ಕಂಪನಿಗಳಿಗೆ ರಾಶಿ ರಾಶಿಯಾಗಿ ಹರಿದುಬಂತು. ನಗರದ ಐಟಿ ಬೆಳವಣಿಗೆಯ ಒಂದು ದೊಡ್ಡ ಮೆಟ್ಟಿಲು ಇಂಥ ಹಳೆಯ ಕೋಡಿನ ರಿಪೇರಿಯೇ ಆಗಿತ್ತು ಎಂಬುದನ್ನು ನಾವು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. ಸೇವಾ ಕಂಪನಿಗಳು ಸಿವಿಲ್, ಮೆಕ್ಯಾನಿಕಲ್ ಎನ್ನದೆ ಎಲ್ಲ ಶಾಖೆಯವರನ್ನೂ ಕ್ಯಾಂಪಸ್‌ನಿಂದ ಆರಿಸಿ, ತರಬೇತಿಯಲ್ಲಿ ಜಾವಾ, ಡಾಟ್‌ನೆಟ್, ಕೋಬಾಲ್ ಓಡುವ ಮೇನ್‌ಫ್ರೇಮ್ ಎಂದು ಸ್ಟ್ರೀಮ್ ಹಂಚುವ ಪದ್ಧತಿಯ ಹಿಂದೆಯೂ ಇದೇ ತರ್ಕವಿದೆ: ಗಿರಾಕಿಯ ಬಳಿ ಏನಿದೆಯೋ ಅದನ್ನು ಕಲಿಸು. ಮೇನ್‌ಫ್ರೇಮ್ ಸಿಕ್ಕ ಫ್ರೆಷರ್ ಮುಖ ಸಪ್ಪೆ ಮಾಡಿಕೊಳ್ಳುವುದು ಆ ಬ್ಯಾಚುಗಳಲ್ಲಿ ಹೊಸ ಸಂಗತಿಯೇನಲ್ಲ.

2020ರ ಏಪ್ರಿಲ್‌ನಲ್ಲಿ ನ್ಯೂಜೆರ್ಸಿಯ ಗವರ್ನರ್ ಫಿಲ್ ಮರ್ಫಿ ಕೋಬಾಲ್ ಬಲ್ಲ ಸ್ವಯಂಸೇವಕರು ಬೇಕೆಂದು ಸಾರ್ವಜನಿಕವಾಗಿ ಕೇಳಿದರು. ಕೋಬಾಲ್‌ನಲ್ಲಿ ನಡೆಯುತ್ತಿದ್ದ ನಿರುದ್ಯೋಗ ಭತ್ಯೆಯ ವ್ಯವಸ್ಥೆಗೆ ಕೊರೋನಾದಿಂದ ಅರ್ಜಿಗಳು ಮುಗಿಬಿದ್ದಿದ್ದವು. ಪತ್ರಿಕೆಗಳು ಹಳೆಯ ಭಾಷೆಯನ್ನು ಬೈದವು. ಇತಿಹಾಸಕಾರ ಮಾರ್ ಹಿಕ್ಸ್ ಅವರ ವಿಶ್ಲೇಷಣೆ ಬೇರೆಯೇ ದಿಕ್ಕಿನದು: ಕುಸಿದದ್ದು ಅರ್ಜಿ ಸ್ವೀಕರಿಸುವ, ಜಾವಾದಲ್ಲಿ ಬರೆದ ಜಾಲತಾಣ, ಹಿಂದಿದ್ದ ಕೋಬಾಲ್ ವ್ಯವಸ್ಥೆ ಕೆಲಸ ಮಾಡುತ್ತಲೇ ಇತ್ತು. ನಿಜವಾದ ಕೊರತೆ ನಿರ್ವಹಣೆಗೆ ಹಣ ಮತ್ತು ಜನರನ್ನು ಉಳಿಸಿಕೊಳ್ಳದಿದ್ದುದರಲ್ಲಿ. ನನಗೆ ಈ ವಾದ ಒಪ್ಪಿಗೆಯಾಗುತ್ತದೆ. ಬೇಡಿಕೆ ಇದೆ ಎಂದ ಮಾತ್ರಕ್ಕೆ ಅದಕ್ಕೆ ಬೆಲೆ ಕೊಡಲು ಸಿದ್ಧರಿದ್ದಾರೆ ಎಂದಲ್ಲ. ಸ್ವಯಂಸೇವಕರನ್ನು ಕರೆದದ್ದೇ ಅದಕ್ಕೆ ಸಾಕ್ಷಿ.

ಹೊಸ ಭಾಷೆಗಳ ಕೋರ್ಸುಗಳಲ್ಲೂ ಹಳೆಯದರ ನೆರಳಿದೆ. ಮಾರತಹಳ್ಳಿ, ಬಿಟಿಎಂ ಲೇಔಟ್‌ಗಳ ಕೋಚಿಂಗ್ ಸೆಂಟರುಗಳ ಬೋರ್ಡಿನ ಮೇಲೆ 'ಜಾವಾ ಫುಲ್ ಸ್ಟ್ಯಾಕ್' ಎಂದಿರುತ್ತದೆ; ಒಳಗೆ ಹೋದರೆ ಸ್ಪ್ರಿಂಗ್, ರಿಯಾಕ್ಟ್, ಎಸ್‌ಕ್ಯೂಎಲ್ ಎಲ್ಲವೂ ಸೇರಿದ ಕೋರ್ಸು. ಎಪ್ಪತ್ತರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿದ ಎಸ್‌ಕ್ಯೂಎಲ್ ಬಗ್ಗೆ ಯಾರೂ ಸಂಭ್ರಮಿಸುವುದಿಲ್ಲ. ಆದರೂ ಸ್ಟ್ಯಾಕ್ ಓವರ್‌ಫ್ಲೋದ 2024ರ ಸಮೀಕ್ಷೆಯಲ್ಲಿ ಶೇ. 51ರಷ್ಟು ಮಂದಿ ಅದನ್ನು ಬಳಸುತ್ತಿದ್ದರು, ಪೈಥಾನ್‌ಗೆ ಹೆಚ್ಚುಕಡಿಮೆ ಸಮ.

2023ರಲ್ಲಿ ಐಬಿಎಂ, ಕೋಬಾಲ್ ಕೋಡನ್ನು ಜಾವಾಕ್ಕೆ ಬದಲಾಯಿಸಲು ನೆರವಾಗುವ ಎಐ ಸಾಧನವೊಂದನ್ನು ಪ್ರಕಟಿಸಿತು. ಇದರಿಂದ ಕೋಬಾಲ್ ಕೆಲಸಗಳು ಕರಗುತ್ತವೆ ಎಂಬ ನಿರೀಕ್ಷೆ ಸಹಜ. ಆದರೆ ಬದಲಾದ ಕೋಡು ಸರಿಯಿದೆಯೇ ಎಂದು ನೋಡಲು ಎರಡನ್ನೂ ಓದಬಲ್ಲವರು ಬೇಕು. ಬಡ್ಡಿಯ ಪೈಸೆಯನ್ನು ಎಲ್ಲಿ ಬಿಡಬೇಕು, ಎಲ್ಲಿ ರೂಪಾಯಿಗೆ ಏರಿಸಬೇಕು ಎಂಬಂಥ ನಿಯಮಗಳು ಎಷ್ಟೋ ಕಡೆ ಯಾವ ಕೈಪಿಡಿಯಲ್ಲೂ ಇಲ್ಲ. ಆ ಹಳೆಯ ಕೋಡಿನ ಸಾಲುಗಳಲ್ಲಷ್ಟೇ ಇವೆ.