ಹವ್ಯಾಸಿ ರೇಡಿಯೋ ಜಾಲಗಳ ಫರ್ಮ್‌ವೇರ್: ಪಾಲನೆಯ ಇತಿಹಾಸ

ಉಪಕರಣಗಳ ಇತಿಹಾಸವನ್ನು ಬರೆಯುವವರು ಅವುಗಳನ್ನು ನಿರ್ಮಿಸಿದವರನ್ನು ಸ್ಮರಿಸುವಷ್ಟು ಕಾಪಾಡಿಕೊಂಡು ಬಂದವರನ್ನು ಸ್ಮರಿಸುವುದಿಲ್ಲ. ಅಮೆರಿಕದ ಹವ್ಯಾಸಿ ರೇಡಿಯೋ ಜಾಲಗಳ ಚರಿತ್ರೆಯು ಈ ಲೋಪವನ್ನು ನಮಗೆ ಮನಗಾಣಿಸುತ್ತದೆ.

2002ರಲ್ಲಿ ಲಿಂಕ್‌ಸಿಸ್ ಸಂಸ್ಥೆಯು ಡಬ್ಲ್ಯುಆರ್‌ಟಿ54ಜಿ ಎಂಬ ಗೃಹಬಳಕೆಯ ರೌಟರನ್ನು ಹೊರತಂದಿತು. ಅದರ ಫರ್ಮ್‌ವೇರ್, ಎಂದರೆ ಯಂತ್ರದೊಳಗೆ ನೆಲೆಗೊಳಿಸಿದ ಆದೇಶಸಮೂಹವು, ಲಿನಕ್ಸನ್ನು ಆಧರಿಸಿತ್ತು. ಆದುದರಿಂದ ಮುಕ್ತ ಪರವಾನಗಿಯ ನಿಯಮದಂತೆ 2003ರಲ್ಲಿ ಅದರ ಮೂಲಪಾಠವನ್ನು ಪ್ರಕಟಿಸಬೇಕಾಯಿತು. 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಯೋಜನೆಯು ಈ ಪಾಠದಿಂದಲೇ ಮೊದಲಾಯಿತು. ಮುಂದೆ ಟೆಕ್ಸಾಸಿನ ಹವ್ಯಾಸಿಗಳು ಅದಕ್ಕೆ ಓಎಲ್‌ಎಸ್‌ಆರ್ ಎಂಬ ಮಾರ್ಗನಿರ್ಣಯ ವಿಧಾನವನ್ನು ಜೋಡಿಸಿ, ಕೇಂದ್ರವಿಲ್ಲದ ಜಾಲವನ್ನು ರಚಿಸಿದರು. ಅದರಲ್ಲಿ ಒಂದು ನೋಡ್ ಕೆಟ್ಟರೆ, ಬೇರೆ ದಾರಿಯಿದ್ದಲ್ಲಿ ಉಳಿದವು ಅದನ್ನು ತಾವೇ ಹುಡುಕಿಕೊಳ್ಳುತ್ತವೆ.

ಆದರೆ ಯಂತ್ರವು ಸ್ಥಿರವಾಗಿ ನಿಲ್ಲುವುದಿಲ್ಲ. 2005ರಲ್ಲಿ ಬಂದ ಅದೇ ರೌಟರಿನ ಐದನೆಯ ಆವೃತ್ತಿಯಲ್ಲಿ ಫ್ಲ್ಯಾಷ್ ಸ್ಮೃತಿಯು 4 ಮೆಗಾಬೈಟಿನಿಂದ 2ಕ್ಕೆ ಇಳಿಯಿತು, ಲಿನಕ್ಸೂ ಹೋಯಿತು. ಹೆಸರು ಉಳಿಯಿತಾದರೂ ಆ ಪೆಟ್ಟಿಗೆಯು ಈ ಕಾರ್ಯಕ್ಕೆ ಒದಗಲಿಲ್ಲ. ಈ ಪರಂಪರೆಯಲ್ಲಿ ಬಂದ ಎಆರ್‌ಇಡಿಎನ್ ಯೋಜನೆಯ ಸ್ವಯಂಸೇವಕರು ಯೂಬಿಕ್ವಿಟಿ, ಮೈಕ್ರೋಟಿಕ್ ಮುಂತಾದ ಉಪಕರಣಗಳಿಗೂ ಫರ್ಮ್‌ವೇರನ್ನು ಹೊಂದಿಸಿದರು. ಸಂದೇಶದ ಅರ್ಥವನ್ನು ಮರೆಮಾಡಬಾರದೆಂಬ ಅಮೆರಿಕದ ಹವ್ಯಾಸಿ ರೇಡಿಯೋ ನಿಯಮಕ್ಕೂ ಅವರು ಬದ್ಧರು.

ಹೊಸ ಉಪಕರಣ ಬಂದಂತೆಲ್ಲ ಈ ದುಡಿಮೆಯು ಮರುಕಳಿಸುತ್ತದೆ. ಬಿರುಗಾಳಿಯ ದಿನ ಸಂದೇಶವು ಮುಟ್ಟಬೇಕಾದರೆ, ಶಾಂತ ದಿನಗಳಲ್ಲಿ ಯಾರೋ ದೋಷಗಳನ್ನು ತಿದ್ದಿರಬೇಕು. ಇತಿಹಾಸದಲ್ಲಿ ಅವರಿಗೂ ಸ್ಥಾನವಿರಬೇಕೆಂಬುದು ನಮ್ಮ ಅಭಿಪ್ರಾಯ.